ಅಚ್ಚಾಗದೆ ಉಳಿದ ಸಸ್ಯಕೋಶ: ಹೊಸೆ ಸೆಲೆಸ್ತೀನೊ ಮೂತಿಸ್ ಪ್ರಕರಣ

1808ರ ಸೆಪ್ಟೆಂಬರ್ 11ರಂದು ಬೊಗೊಟಾದಲ್ಲಿ ಹೊಸೆ ಸೆಲೆಸ್ತೀನೊ ಮೂತಿಸ್ ತೀರಿಕೊಂಡ. ವಯಸ್ಸು 76. ಸ್ಪೇನಿನ ಕಾದಿಸ್ ಬಂದರಿನಲ್ಲಿ ಹುಟ್ಟಿದ ಈ ವೈದ್ಯ ಬದುಕಿನ 48 ವರ್ಷಗಳನ್ನು ಕಳೆದದ್ದು ಇಂದಿನ ಕೊಲಂಬಿಯಾದಲ್ಲಿ. ಅದು ಆಗ ನ್ಯೂ ಗ್ರನಾಡಾ ಎಂಬ ಹೆಸರಿನ ಸ್ಪೇನಿನ ವಸಾಹತು. ಕೊನೆಯ 25 ವರ್ಷ ಅವನು ದೊರೆಯ ಖಜಾನೆಯ ಹಣದಲ್ಲಿ ನಡೆದ ಸಸ್ಯಾನ್ವೇಷಣೆಯ ಮುಖ್ಯಸ್ಥನಾಗಿದ್ದ. ಅವನು ಬಿಟ್ಟುಹೋದ ಆಸ್ತಿ ಸಾಮಾನ್ಯದ್ದಲ್ಲ: ಆರು ಸಾವಿರಕ್ಕೂ ಹೆಚ್ಚು ಸಸ್ಯಚಿತ್ರಗಳು, ಒಣಗಿಸಿದ ಗಿಡಗಳನ್ನು ಅಂಟಿಸಿದ ಸುಮಾರು 20,000 ಹರ್ಬೇರಿಯಂ ಹಾಳೆಗಳು, ಯುರೋಪಿನ ವಿದ್ವಾಂಸರೂ ಬೆರಗಾಗುವಂಥ ಗ್ರಂಥಭಂಡಾರ, ಒಂದು ಖಗೋಳ ವೀಕ್ಷಣಾಲಯ. ಯಾವುದಕ್ಕಾಗಿ ಇದೆಲ್ಲವನ್ನೂ ಕೂಡಿಟ್ಟನೋ ಆ ಸಸ್ಯಕೋಶದ, ಅಂದರೆ ನಾಡಿನ ಗಿಡಗಳನ್ನು ಚಿತ್ರ, ವಿವರಣೆ ಸಮೇತ ದಾಖಲಿಸುವ ಗ್ರಂಥದ, ಒಂದು ಸಂಪುಟವೂ ಅಚ್ಚಾಗಿರಲಿಲ್ಲ.

ಮೂತಿಸ್‌ನ ಚರಿತ್ರೆ ಬರೆದವರು ಇದಕ್ಕೆ ಸಾಮಾನ್ಯವಾಗಿ ಎರಡು ಕಾರಣ ಕೊಡುತ್ತಾರೆ. ಎಲ್ಲವೂ ಪರಿಪೂರ್ಣವಾಗಬೇಕೆಂಬ ಹಟ ಒಂದು, ಸ್ಪೇನಿನ ರಾಜಕೀಯ ಕುಸಿತ ಇನ್ನೊಂದು. ಎರಡರಲ್ಲೂ ಸತ್ಯವಿದೆ. ಆದರೆ ಈ ಪ್ರಕರಣವನ್ನು ಬಿಡಿಸಿ ನೋಡಿದಷ್ಟೂ ನನಗೆ ಕಾಣುವುದು ಕೆಲಸದ ಏರ್ಪಾಡಿನಲ್ಲೇ ಇದ್ದ ದೋಷ. ಚಿತ್ರ ಬರೆಯಲು ಅಲ್ಲಿ ಒಂದು ಇಡೀ ತಂಡವಿತ್ತು. ವಿವರಣೆ ಬರೆಯಲು ಇದ್ದದ್ದು ಒಬ್ಬನೇ ಮನುಷ್ಯ.

ಯೋಜನೆಗೆ ಮೊದಲು

ಮೂತಿಸ್ ಹುಟ್ಟಿದ್ದು 1732ರ ಏಪ್ರಿಲ್ 6ರಂದು. ತಂದೆ ಪುಸ್ತಕ ವ್ಯಾಪಾರಿ. ವೈದ್ಯಶಾಸ್ತ್ರ ಕಲಿತು ಮ್ಯಾಡ್ರಿಡ್‌ಗೆ ಹೋದವನು ಅಲ್ಲಿನ ರಾಜೋದ್ಯಾನದಲ್ಲಿ ಮಿಗೆಲ್ ಬಾರ್ನಾದೆಸ್ ಎಂಬಾತನ ಬಳಿ ಸಸ್ಯಶಾಸ್ತ್ರ ಅಭ್ಯಾಸ ಮಾಡಿದ. 1760ರಲ್ಲಿ ಹೊಸ ವೈಸ್‌ರಾಯ್ ಪೆದ್ರೊ ಮೆಸ್ಸಿಯಾ ದೆ ಲಾ ಸೆರ್ದಾನ ಖಾಸಗಿ ವೈದ್ಯನಾಗಿ ಹಡಗು ಹತ್ತಿದ. ಹೊರಡುವ ಮುನ್ನ ಕಾದಿಸ್‌ನಲ್ಲಿ, ಗಿಡಗಳನ್ನು ವರ್ಗೀಕರಿಸುವ ಪದ್ಧತಿ ರೂಪಿಸಿದ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್‌ನ ಶಿಷ್ಯ ಆಲ್‌ಸ್ಟ್ರೋಮರ್‌ನ ಪರಿಚಯವಾಯಿತು. ಮರುವರ್ಷದಿಂದಲೇ ಬೊಗೊಟಾದಿಂದ ಸ್ವೀಡನ್ನಿನ ಉಪ್ಸಾಲಾದಲ್ಲಿದ್ದ ಲಿನೇಯಸ್‌ಗೆ ಕಾಗದಗಳು ಹೋಗತೊಡಗಿದವು.

1763ರಲ್ಲಿ ಒಮ್ಮೆ, 1764ರಲ್ಲಿ ಮತ್ತೊಮ್ಮೆ ಅವನು ದೊರೆ ಮೂರನೆಯ ಕಾರ್ಲೋಸ್‌ಗೆ ಮನವಿ ಬರೆದ. ಈ ನಾಡಿನ ಗಿಡಮರಗಳನ್ನು, ಖನಿಜಗಳನ್ನು, ಪ್ರಾಣಿಗಳನ್ನು ಕ್ರಮವಾಗಿ ದಾಖಲಿಸಬೇಕು, ಅದಕ್ಕೆ ಹಣ ಕೊಡಿ ಎಂಬುದು ಅದರ ಸಾರ. ಕೋರಿಕೆ ಈಡೇರಲಿಲ್ಲ. ಮುಂದಿನ ಸುಮಾರು ಇಪ್ಪತ್ತು ವರ್ಷ ಅವನು ಕೈಗೆ ಸಿಕ್ಕ ಕೆಲಸವನ್ನೆಲ್ಲ ಮಾಡಿದ. ರೊಸಾರಿಯೊ ಕಾಲೇಜಿನಲ್ಲಿ ಗಣಿತ ಕಲಿಸಿದ. ಭೂಮಿ ಸೂರ್ಯನನ್ನು ಸುತ್ತುತ್ತದೆ ಎಂದು ಪಾಠ ಹೇಳಿದ್ದಕ್ಕೆ 1774ರಲ್ಲಿ ಡೊಮಿನಿಕನ್ ಪಾದ್ರಿಗಳ ದೂರನ್ನು ಎದುರಿಸಿದ. ಅದಕ್ಕೆ ಎರಡು ವರ್ಷ ಮೊದಲು ತಾನೇ ಪಾದ್ರಿ ದೀಕ್ಷೆ ಪಡೆದಿದ್ದ. ಪಾಂಪ್ಲೋನಾದ ಬಳಿ, ಮುಂದೆ ಇಬಾಗೆ ಹತ್ತಿರದ ಎಲ್ ಸಾಪೊದಲ್ಲಿ ಬೆಳ್ಳಿ ಗಣಿಗಳಿಗೆ ಕೈಹಾಕಿದ. ಲಾಭವೇನೂ ದಕ್ಕಲಿಲ್ಲ.

ಈ ಇಪ್ಪತ್ತು ವರ್ಷಗಳಲ್ಲಿ ಅವನ ಬಳಿ ಹಣವಿರಲಿಲ್ಲ, ಸಿಬ್ಬಂದಿ ಇರಲಿಲ್ಲ, ಅಧಿಕಾರವಿರಲಿಲ್ಲ. ಇದ್ದದ್ದು ಒಣಗಿಸಿದ ಗಿಡಗಳು, ಒಂದಿಷ್ಟು ಚಿತ್ರಗಳು, ಅಂಚೆ. ಅವನ್ನು ಲಿನೇಯಸ್‌ಗೆ ಕಳಿಸುತ್ತಿದ್ದ. 1764ರಲ್ಲಿ ಬೊಗೊಟಾದ ಟಂಕಸಾಲೆಯ ಅಧಿಕಾರಿ ಮಿಗೆಲ್ ದೆ ಸಾಂತಿಸ್ತೆಬಾನ್ ತನಗೆ ಕೊಟ್ಟ ಲೊಹಾ ಪ್ರಾಂತದ, ಜ್ವರದ ಮದ್ದಿನ ಮರವಾದ ಸಿಂಕೋನಾದ ಮಾದರಿಯ ಚಿತ್ರವನ್ನೂ ಹೀಗೇ ಕಳಿಸಿದ. ಲಿನೇಯಸ್ ತೀರಿಹೋದ ನಂತರ ಅವನ ಮಗ ಪ್ರಕಟಿಸಿದ ಅನುಬಂಧ ಸಂಪುಟದಲ್ಲಿ ಮೂತಿಸ್ ಕಳಿಸಿದ ಹಲವಾರು ಸಸ್ಯಗಳು ವಿಜ್ಞಾನಕ್ಕೆ ಮೊದಲ ಬಾರಿ ಹೆಸರಿನೊಂದಿಗೆ ಸೇರಿದವು. ಮೂತಿಸಿಯಾ ಎಂಬ ಕುಲವೂ ಅಲ್ಲಿದೆ. ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ ಬಳ್ಳಿ ಅದು, ಎಲೆಯ ತುದಿಯಲ್ಲಿ ಹಬ್ಬುಕುಡಿ, ಕೆಳಗೆ ಜೋತುಬಿದ್ದ ಕಿತ್ತಳೆಗೆಂಪು ಹೂ. ಯಾವ ಕಾಲವೂ ಅಳಿಸಲಾಗದ ಹೆಸರು ಇದು ಎಂದು ಲಿನೇಯಸ್ ಹೇಳಿದ್ದ. ಆ ಮಾದರಿಗಳು ಇಂದು ಲಂಡನ್ನಿನ ಲಿನೇಯನ್ ಸೊಸೈಟಿಯಲ್ಲಿವೆ. ಅವನ ಕೈಯಲ್ಲಿ ಏನೂ ಇಲ್ಲದಿದ್ದ ಕಾಲದ ದುಡಿಮೆ ಮುದ್ರಣ ಕಂಡಿತು ಎನ್ನುವುದನ್ನು ಇಲ್ಲಿ ಗಮನದಲ್ಲಿಡಬೇಕು.

ಚಿತ್ರಶಾಲೆ

1783ರಲ್ಲಿ ಬಾಗಿಲು ತೆರೆಯಿತು. ಆರ್ಚ್‌ಬಿಷಪ್ ಆಗಿದ್ದು ವೈಸ್‌ರಾಯ್ ಕೂಡ ಆದ ಆಂತೋನಿಯೊ ಕಬಯೇರೊ ಇ ಗೊಂಗೊರಾ ಆ ಏಪ್ರಿಲ್‌ನಲ್ಲಿ ತಾತ್ಕಾಲಿಕ ಒಪ್ಪಿಗೆ ಕೊಟ್ಟ. ನವೆಂಬರ್ 1ರಂದು ದೊರೆಯ ಆಜ್ಞೆಯಾಯಿತು. ಮೂತಿಸ್‌ಗೆ ಆಗ 51 ವರ್ಷ. ಸ್ಪೇನ್ ಅದಕ್ಕೂ ಮೊದಲೇ, 1777ರಲ್ಲಿ, ರೂಯಿಸ್ ಮತ್ತು ಪಾವೋನ್ ಎಂಬ ಯುವಕರನ್ನು ಪೆರುವಿಗೆ ಕಳಿಸಿತ್ತು. ಮೊದಲು ಕೇಳಿದವನಿಗೆ ಕೊನೆಗೆ ಸಿಕ್ಕಿತು.

ತಂಡ ನೆಲೆನಿಂತದ್ದು ಮರಿಕೀತಾ ಎಂಬ ಸಣ್ಣ ಊರಿನಲ್ಲಿ. ಆಂಡೀಸ್ ಬೆಟ್ಟಗಳ ಬುಡ, ಮಗ್ದಲೇನಾ ನದಿಯ ಸಮೀಪ, ಸುಡುವ ಸೆಕೆ. ಅಂಥ ಹವೆಯಲ್ಲಿ ಕಿತ್ತ ಹೂ ಬಹಳ ಹೊತ್ತು ತಾಳುವುದಿಲ್ಲ. ಒಣಗಿಸಿದ ಗಿಡದ ಬಣ್ಣ ಹೋಗುತ್ತದೆ, ಹಾಳೆಗೆ ಬೂಷ್ಟು ಹಿಡಿಯುತ್ತದೆ, ಹುಳು ಬೀಳುತ್ತದೆ. ಲಿನೇಯಸ್‌ನ ಪದ್ಧತಿಯಲ್ಲಿ ಗಿಡದ ವರ್ಗವನ್ನು ಗೊತ್ತುಮಾಡುವುದು ಹೂವಿನೊಳಗಿನ ಕೇಸರ ಮತ್ತು ಶಲಾಕೆಗಳ ಸಂಖ್ಯೆಯಿಂದ. ಅವನ್ನು ಹೂ ತಾಜಾ ಇರುವಾಗಲೇ ಬಿಡಿಸಿ ಎಣಿಸಬೇಕು. ಹೀಗಾಗಿ ಮೂತಿಸ್‌ಗೆ ಚಿತ್ರವೇ ನಿಜವಾದ ದಾಖಲೆಯಾಯಿತು. ಯುರೋಪಿನಲ್ಲಿ ಕುಳಿತ ಸಸ್ಯವಿಜ್ಞಾನಿ ಕಾಡಿಗೆ ಬರದೆಯೇ ಗಿಡವನ್ನು ಗುರುತಿಸುವಂತಿರಬೇಕು ಎಂಬುದು ಅವನ ಗುರಿ.

ಒಂದು ಚಿತ್ರ ಸಿದ್ಧವಾಗುತ್ತಿದ್ದ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಗಿಡ ಬಲ್ಲ ಸ್ಥಳೀಯರು ಬೆಟ್ಟ ಹತ್ತಿ ಹೂ, ಕಾಯಿ, ಬೇರಿನ ಸಮೇತ ಗಿಡ ತರುತ್ತಿದ್ದರು. ಹಾಳೆ ಸುಮಾರು 54 ಸೆಂ.ಮೀ. ಎತ್ತರ, 38 ಸೆಂ.ಮೀ. ಅಗಲ. ಅದರ ನಡುವೆ ಕೊಂಬೆಯನ್ನು ಅಚ್ಚುಕಟ್ಟಾಗಿ, ಹೆಚ್ಚುಕಡಿಮೆ ಎಡಬಲ ಸಮತೂಕದಲ್ಲಿ ಕೂರಿಸುತ್ತಿದ್ದರು. ಒಂದಾದರೂ ಎಲೆಯನ್ನು ಮಗುಚಿ ತೋರಿಸಬೇಕು, ಏಕೆಂದರೆ ಎಲೆಯ ಬೆನ್ನಿನ ನರ ಮತ್ತು ರೋಮಗಳೂ ಗುರುತುಗಳೇ. ಮೊಗ್ಗು, ಅರಳಿದ ಹೂ, ಕಾಯಿ ಮೂರೂ ಒಂದೇ ಕೊಂಬೆಯ ಮೇಲೆ ಕಾಣಬೇಕು. ಹಾಳೆಯ ಬುಡದಲ್ಲಿ ಹೂವಿನ ಅಂಗಾಂಗಗಳನ್ನು ಬಿಡಿಬಿಡಿಯಾಗಿ ಬರೆಯಬೇಕು: ದಳ, ಕೇಸರ, ಅಂಡಾಶಯ, ಬೀಜ. ಈ ಕೊನೆಯ ಕೆಲಸದಲ್ಲಿ ಗ್ವಾದುವಾಸ್ ಊರಿನ ಫ್ರಾನ್ಸಿಸ್ಕೊ ಹಾವಿಯೆರ್ ಮಾತೀಸ್‌ನ ಕೈಯನ್ನು ಮೀರಿಸುವವರಿರಲಿಲ್ಲ. ಇಷ್ಟಕ್ಕೇ ಮುಗಿಯಲಿಲ್ಲ. ಬಣ್ಣದ ಚಿತ್ರದ ಜೊತೆಗೆ ಅದೇ ಗಿಡದ ಏಕವರ್ಣದ ಪ್ರತಿಯೂ ಬೇಕಿತ್ತು, ತಾಮ್ರದ ತಗಡಿನಲ್ಲಿ ಕೊರೆಯುವವನಿಗಾಗಿ. ಬಣ್ಣಗಳಲ್ಲಿ ಹಲವನ್ನು ಅಲ್ಲಿನ ಗಿಡಗಳಿಂದಲೇ ತಯಾರಿಸಿಕೊಳ್ಳುತ್ತಿದ್ದರು.

ಬರೆದವರು ಯಾರು? ಮ್ಯಾಡ್ರಿಡ್‌ನ ಅಕಾಡೆಮಿಯಿಂದ ಬಂದ ಇಬ್ಬರು ಕಲಾವಿದರು ಅಲ್ಲಿ ನಿಲ್ಲಲಿಲ್ಲ. ಈ ದೊಡ್ಡ ಕೆಲಸವನ್ನು ಹೊತ್ತವರು ಆ ನೆಲದಲ್ಲೇ ಹುಟ್ಟಿದವರು. ಕೀಟೊ ನಗರದಿಂದ, ಚರ್ಚಿನ ಚಿತ್ರಗಳಲ್ಲಿ ಪಳಗಿದ ಮನೆತನಗಳಿಂದ ಕೆಲವರು ಬಂದರು. ಮೊಂಪೋಸ್‌ನ ಸಾಲ್ವಡೋರ್ ರೀಸೊ ಆಫ್ರಿಕನ್ ಮೂಲದ ಮನೆತನದವನು. ಚಿತ್ರಕಾರನಾಗಿ ಸೇರಿ, ಮುಂದೆ ಇಡೀ ಯೋಜನೆಯ ಹಣಕಾಸು ಹಾಗೂ ಚಿತ್ರಶಾಲೆಯ ಮೇಲ್ವಿಚಾರಕನಾದ. ವರ್ಷಗಳ ಅಂತರದಲ್ಲಿ ನಲವತ್ತರಷ್ಟು ಚಿತ್ರಕಾರರು ಅಲ್ಲಿ ದಿನಗೂಲಿಗೆ ದುಡಿದರು. ಕೆಲವು ಹಾಳೆಗಳಲ್ಲಿ ಹೆಸರಿನ ಪಕ್ಕ ಲ್ಯಾಟಿನ್ನಿನಲ್ಲಿ ‘ಅಮೆರಿಕದವನು ಚಿತ್ರಿಸಿದ್ದು’ ಎಂಬ ಅರ್ಥದ ಗುರುತಿದೆ. ವಸಾಹತಿನ ಕಲಾವಿದನೊಬ್ಬ ಸ್ಪೇನ್ ದೊರೆಗೆ ಹೋಗಬೇಕಾದ ಹಾಳೆಯ ಮೇಲೆ ತನ್ನ ನೆಲವನ್ನು ಹೇಳಿಕೊಂಡ ಈ ಗುರುತು ನನಗೆ ಈ ಇಡೀ ಕಥೆಯಲ್ಲಿ ಅತ್ಯಂತ ಇಷ್ಟವಾದ ಸಂಗತಿ.

ಯುರೋಪಿನ ಅನ್ವೇಷಕರಾದ ಹಂಬೋಲ್ಟ್ ಮತ್ತು ಬೊಂಪ್ಲಾ 1801ರಲ್ಲಿ ಮೂತಿಸ್‌ನನ್ನು ಕಾಣಲೆಂದೇ ದಾರಿ ಬದಲಿಸಿ, ಮಗ್ದಲೇನಾ ನದಿಯ ಪ್ರವಾಹಕ್ಕೆ ಎದುರಾಗಿ ದೋಣಿಯಲ್ಲಿ ಸಾಗಿ ಬೊಗೊಟಾಕ್ಕೆ ಬಂದು ಎರಡು ತಿಂಗಳು ಉಳಿದರು. ಮಾತೀಸ್ ಜಗತ್ತಿನಲ್ಲೇ ಮೊದಲ ಸಾಲಿನ ಹೂಚಿತ್ರಕಾರ ಎಂದು ಹಂಬೋಲ್ಟ್ ಮೆಚ್ಚಿದ. ಮೂತಿಸ್‌ನ ಗ್ರಂಥಭಂಡಾರಕ್ಕೆ ಸಾಟಿ ಲಂಡನ್ನಿನ ಸಸ್ಯವಿಜ್ಞಾನಿ ಜೋಸೆಫ್ ಬ್ಯಾಂಕ್ಸ್‌ನದು ಮಾತ್ರ ಎಂದ.

ಬರಹ ಎಲ್ಲಿ ಹೋಯಿತು

ಗಿಡಕ್ಕೆ ಚಿತ್ರವಿದ್ದರೆ ಸಾಲದು. ಅದರ ಲಕ್ಷಣಗಳನ್ನು ಲ್ಯಾಟಿನ್ನಿನಲ್ಲಿ ಬರೆಯಬೇಕು, ಅದು ಬೇರೆ ಯಾವ ಗಿಡಕ್ಕೆ ಹತ್ತಿರ, ಯಾವುದರಿಂದ ಭಿನ್ನ ಎಂದು ತೂಗಬೇಕು, ಹೆಸರಿಡಬೇಕು, ಅಚ್ಚು ಹಾಕಿಸಬೇಕು. ಸಸ್ಯಶಾಸ್ತ್ರದಲ್ಲಿ ಹೆಸರು ಅದನ್ನು ಮೊದಲು ಪ್ರಕಟಿಸಿದವನದು. ಹಸ್ತಪ್ರತಿಗೆ ಹಕ್ಕಿಲ್ಲ.

ಈ ಭಾಗಕ್ಕೆ ಮೂತಿಸ್ ಒಬ್ಬನೇ. ಆರಂಭದಲ್ಲಿ ಜೊತೆಗಿದ್ದ ಎಲೋಯ್ ವಲೆನ್ಸುವೇಲಾ ಎಂಬ ಪಾದ್ರಿ ಒಳ್ಳೆಯ ಸಸ್ಯಜ್ಞ, ಶಿಸ್ತಿನ ದಿನಚರಿಕಾರ. ಆರೋಗ್ಯ ಕೆಟ್ಟು 1784ರಲ್ಲೇ ಬಿಟ್ಟುಹೋದ. ಆ ಸ್ಥಾನಕ್ಕೆ ತಕ್ಕವನು ಬಹುಕಾಲ ಬರಲಿಲ್ಲ. ಮುಂದೆ ಬಂದ ಪ್ರತಿಭಾವಂತ ತರುಣ ಫ್ರಾನ್ಸಿಸ್ಕೊ ಆಂತೋನಿಯೊ ಸೆಯಾ 1794ರ ರಾಜಕೀಯ ಬಂಧನಗಳಲ್ಲಿ ಸಿಕ್ಕಿಬಿದ್ದು ಸ್ಪೇನಿಗೆ ಸಾಗಿಸಲ್ಪಟ್ಟ. ಮೂತಿಸ್‌ನ ಸಹೋದರನ ಮಗ ಸಿನ್ಫೊರೋಸೊ ಕೂಡ ಅದೇ ಪ್ರಕರಣದಲ್ಲಿ ಗಡೀಪಾರಾದ. ಇದು ರಾಜಕೀಯದ ಪೆಟ್ಟು ಎನ್ನಬಹುದು. ಆದರೆ ಹನ್ನೊಂದು ವರ್ಷ ನಡೆದ ಸಂಸ್ಥೆಯೊಂದರಲ್ಲಿ ಇಬ್ಬರು ಹೋದರೆ ಬರವಣಿಗೆ ನಿಲ್ಲುವಂತಿತ್ತಲ್ಲ, ದೋಷ ಅಲ್ಲಿದೆ. ಚಿತ್ರಕಾರರಿಗೆ ಶಾಲೆ ತೆರೆದ ಮೂತಿಸ್ ವಿವರಣೆ ಬರೆಯುವವರಿಗೆ ಅಂಥ ಶಾಲೆ ತೆರೆಯಲಿಲ್ಲ.

ಅವನ ಸಮಯಕ್ಕೂ ನೂರು ಕಡೆಯಿಂದ ಸೆಳೆತ. ಡಚ್ಚರ ದಾಲ್ಚಿನ್ನಿ ವ್ಯಾಪಾರಕ್ಕೆ ಎದುರಾಗಿ ಅಮೆರಿಕದ್ದೇ ದಾಲ್ಚಿನ್ನಿ ಬೆಳೆಯಬೇಕೆಂದು ಮರಿಕೀತಾದಲ್ಲಿ ತೋಟ ಹಾಕಿದ. ಚೀನಾದ ಚಹಾಕ್ಕೆ ಬದಲಾಗಿ ಬೊಗೊಟಾ ಚಹಾ ಎಂಬುದನ್ನು ಪ್ರಚಾರ ಮಾಡಿದ. ಸಿಡುಬು ಹರಡಿದಾಗ ಸೋಂಕನ್ನು ಅಲ್ಪ ಪ್ರಮಾಣದಲ್ಲಿ ಚುಚ್ಚಿ ಹಾಕುವ ಚಿಕಿತ್ಸೆಗೆ ಜನರನ್ನು ಒಪ್ಪಿಸಿದ. ಮದ್ಯ, ಗಣಿ, ಆಸ್ಪತ್ರೆ ಯಾವುದರ ಪ್ರಶ್ನೆ ಬಂದರೂ ವೈಸ್‌ರಾಯ್ ಕೇಳುವುದು ಮೂತಿಸ್‌ನನ್ನೇ.

ಇವೆಲ್ಲಕ್ಕಿಂತ ಹೆಚ್ಚು ಕಾಲ ನುಂಗಿದ್ದು ಸಿಂಕೋನಾ. ಚಳಿಜ್ವರಕ್ಕೆ ಆಗ ಇದ್ದ ಪರಿಣಾಮಕಾರಿ ಮದ್ದು ಇದರ ತೊಗಟೆ. ಮುಂದೆ 1860ರ ದಶಕದಲ್ಲಿ ಬ್ರಿಟಿಷರು ನೀಲಗಿರಿಯಲ್ಲಿ ನೆಟ್ಟದ್ದು ಇದೇ ಕುಲದ ಮರಗಳನ್ನು. ಮಲೆನಾಡಿನ ಹಳಬರಿಗೆ ಕ್ವಿನೀನ್‌ನ ಕಹಿ ಗೊತ್ತೇ ಇದೆ. 1772ರಲ್ಲಿ ಬೊಗೊಟಾದ ಆಸುಪಾಸಿನಲ್ಲೇ ಈ ಮರವನ್ನು ಕಂಡದ್ದಾಗಿ ಮೂತಿಸ್ ಹೇಳುತ್ತಿದ್ದ. ಆಗ ಅದನ್ನು ಪ್ರಕಟಿಸಲಿಲ್ಲ. ಪನಾಮಾದ ವೈದ್ಯ ಸೆಬಾಸ್ತಿಯಾನ್ ಲೋಪೆಸ್ ರೂಯಿಸ್ ತಾನೇ ಮೊದಲು ಕಂಡವನೆಂದು ಆಸ್ಥಾನಕ್ಕೆ ತಿಳಿಸಿ ಹುದ್ದೆಯನ್ನೂ ಸಂಬಳವನ್ನೂ ಪಡೆದ. ಅದನ್ನು ಅವನಿಂದ ಹಿಂದಕ್ಕೆ ಪಡೆದ ಮೇಲೂ ಜಗಳ ವರ್ಷಗಟ್ಟಲೆ ಎಳೆಯಿತು. ಪೆರುವಿನ ರೂಯಿಸ್ ಮತ್ತು ಪಾವೋನ್ ಜೊತೆಗೂ ಇದೇ ತೊಗಟೆಯ ಕುರಿತು ವಾದ ನಡೆಯಿತು.

1793 ಮತ್ತು 1794ರಲ್ಲಿ ಮೂತಿಸ್ ಬೊಗೊಟಾದ ವಾರಪತ್ರಿಕೆಯಲ್ಲಿ ಸಿಂಕೋನಾದ ರಹಸ್ಯ ಕುರಿತು ಲೇಖನಮಾಲೆ ಬರೆದ. ಅದರಲ್ಲಿ ನಾಲ್ಕು ಬಗೆ ಹೇಳಿದ: ಕಿತ್ತಳೆ, ಕೆಂಪು, ಹಳದಿ, ಬಿಳಿ. ನಾಲ್ಕಕ್ಕೂ ಬೇರೆ ಬೇರೆ ಔಷಧ ಗುಣ ಕಟ್ಟಿದ. ರಸಾಯನಜ್ಞರಾದ ಪೆಲ್ಲೆಟಿಯೆ ಮತ್ತು ಕಾವೆಂತು 1820ರಲ್ಲಿ ಪ್ಯಾರಿಸ್‌ನಲ್ಲಿ ತೊಗಟೆಯ ಔಷಧ ಸತ್ವವಾದ ಕ್ವಿನೀನ್ ಬೇರ್ಪಡಿಸಿದ ಮೇಲೆ ತೊಗಟೆಯ ಬಲವನ್ನು ಅಳೆಯುವ ಖಚಿತ ದಾರಿ ಸಿಕ್ಕಿತು. ಮೂತಿಸ್‌ನ ಕೆಂಪು ಮತ್ತು ಬಿಳಿ ಬಗೆಗಳು ಸಿಂಕೋನಾ ಕುಲಕ್ಕೇ ಸೇರಿದವಲ್ಲವೆಂದು ನಂತರದ ಸಸ್ಯವಿಜ್ಞಾನಿಗಳು ನಿರ್ಧರಿಸಿದರು. ಬದುಕಿದ್ದಾಗ ಅವನು ಪೂರ್ತಿ ಮನಸ್ಸಿಟ್ಟು ಪ್ರಕಟಿಸಿದ ಒಂದು ದೊಡ್ಡ ಬರಹದ ಅರ್ಧದಷ್ಟು ಹೀಗೆ ಬಿದ್ದುಹೋಯಿತು. ತಪ್ಪು ಮಾಡಿದನೆಂದು ನಾನು ಅವನನ್ನು ಹಳಿಯಲಾರೆ. ರಸಾಯನಶಾಸ್ತ್ರದ ನೆರವಿಲ್ಲದೆ, ಜ್ವರದ ರೋಗಿಗಳ ಮೇಲಿನ ಅನುಭವದಿಂದ ಅಷ್ಟನ್ನು ವಿಂಗಡಿಸಿದ್ದೇ ದೊಡ್ಡದು. ನನ್ನ ಆಕ್ಷೇಪ ಬೇರೆ: ಆ ಶ್ರಮದ ಕಾಲುಭಾಗ ಸಾಮಾನ್ಯ ಗಿಡಗಳ ವಿವರಣೆಗೆ ಸಂದಿದ್ದರೆ ಹತ್ತಾರು ಕುಲಗಳಿಗೆ ಅವನೇ ಹೆಸರಿಟ್ಟವನಾಗುತ್ತಿದ್ದ.

ಬರಹವಿಲ್ಲದ್ದರಿಂದ ಕಳೆದುಹೋದದ್ದು ಹೆಸರಿನ ಹಕ್ಕು ಮಾತ್ರವಲ್ಲ. ಮರಿಕೀತಾದಲ್ಲಿ ಹಾವುಗಳನ್ನು ಬರಿಗೈಯಲ್ಲಿ ಹಿಡಿಯುತ್ತಿದ್ದ ಒಬ್ಬ ಆಫ್ರಿಕನ್ ಗುಲಾಮನಿದ್ದ. ಗ್ವಾಕೊ ಎಂಬ ಬಳ್ಳಿಯ ರಸದ ಬಳಕೆ ತಂಡಕ್ಕೆ ತಿಳಿದದ್ದು ಅವನಿಂದ. ಆ ರಸ ಕುಡಿದು, ಚರ್ಮ ಗೀರಿ ಮೈಗೂ ಸೇರಿಸಿಕೊಂಡು, ಚಿತ್ರಕಾರ ಮಾತೀಸ್ ಎಲ್ಲರೆದುರು ಹಾವು ಹಿಡಿದು ಕಚ್ಚಿಸಿಕೊಂಡ. ಅವನಿಗೇನೂ ಆಗಲಿಲ್ಲ. ಇಷ್ಟರಿಂದ ಗ್ವಾಕೊ ವಿಷಕ್ಕೆ ಮದ್ದೆಂದು ಸಾಬೀತಾಗುವುದಿಲ್ಲ, ಆ ಮಾತು ಬೇರೆ. ಪೆದ್ರೊ ಫೆರ್ಮಿನ್ ದೆ ವಾರ್ಗಾಸ್ ಎಂಬ ಸಹಚರ ಬರೆದಿಟ್ಟದ್ದರಿಂದ ಈ ಘಟನೆ ನಮಗೆ ತಲುಪಿದೆ. ಗಿಡ ಹುಡುಕಿ ತಂದ ಕೂಲಿಯವರು, ಗುಲಾಮರು, ಮೂಲನಿವಾಸಿಗಳು ಆಯಾ ಗಿಡದ ಬಗ್ಗೆ ಹೇಳಿದ್ದು ಇಂಥ ಇನ್ನೆಷ್ಟೋ ಇರಬೇಕಿತ್ತು. ಅದು ಹಾಳೆಯ ಮೇಲೆ ಬರೆಯುವ ಬಣ್ಣಕ್ಕೆ ನಿಲುಕುವಂಥದ್ದಲ್ಲ.

ತಡದ ಬೆಲೆ

ಮ್ಯಾಡ್ರಿಡ್ ಸುಮ್ಮನಿರಲಿಲ್ಲ. ಆಗಿರುವಷ್ಟನ್ನು ಕಳಿಸು ಎಂದು ಮತ್ತೆ ಮತ್ತೆ ಒತ್ತಾಯಿಸಿತು. ಕೆಲಸ ಚುರುಕಾಗಲೆಂದು 1791ರಲ್ಲಿ ವೈಸ್‌ರಾಯ್ ಎಸ್ಪೆಲೇತಾ ಇಡೀ ತಂಡವನ್ನು ಮರಿಕೀತಾದ ಸೆಕೆಯಿಂದ 2,600 ಮೀಟರ್ ಎತ್ತರದ ಬೊಗೊಟಾಕ್ಕೆ ಕರೆಸಿಕೊಂಡ. ಚಿತ್ರಗಳ ಸಂಖ್ಯೆ ಏರಿತು. ಮುದ್ರಣಕ್ಕೆ ಏನೂ ಹೋಗಲಿಲ್ಲ. ರೂಯಿಸ್ ಮತ್ತು ಪಾವೋನ್ ಅಷ್ಟರಲ್ಲಿ, 1798ರಿಂದ 1802ರೊಳಗೆ, ಪೆರು ಮತ್ತು ಚಿಲಿಯ ಸಸ್ಯಕೋಶದ ಮೂರು ಸಂಪುಟ ಹೊರತಂದರು. ಅವರ ಸಂಪುಟಗಳೂ ಅಪೂರ್ಣವೇ. ಅಪೂರ್ಣವಾದರೂ ಜಗತ್ತಿನ ಕೈಗೆ ಸಿಕ್ಕವು.

ಹಂಬೋಲ್ಟ್ ಬಂದಾಗ ಮೂತಿಸ್ ಜಿಪುಣತನ ತೋರಲಿಲ್ಲ, ಸುಮಾರು ನೂರು ಚಿತ್ರಗಳನ್ನು ಉಡುಗೊರೆ ಕೊಟ್ಟ. ಹಂಬೋಲ್ಟ್ ಅವನ್ನು ಪ್ಯಾರಿಸ್‌ಗೆ ಕಳಿಸಿದ. ತಮ್ಮ ಸಸ್ಯಗ್ರಂಥವನ್ನು ಅವನೂ ಬೊಂಪ್ಲಾನೂ ಮೂತಿಸ್‌ಗೆ ಅರ್ಪಿಸಿ, ಅವನ ಭಾವಚಿತ್ರದೊಂದಿಗೆ ಪ್ರಕಟಿಸಿದರು. ಅವರು ಆಂಡೀಸ್‌ನಲ್ಲಿ ಕೂಡಿಸಿದ ಸಸ್ಯಗಳಿಗೆ ಕುಂಟ್ ಎಂಬ ಸಸ್ಯವಿಜ್ಞಾನಿ 1815ರಿಂದ 1825ರೊಳಗೆ ಏಳು ಸಂಪುಟಗಳಲ್ಲಿ ಹೆಸರಿಟ್ಟು ಮುಗಿಸಿದ. ಮೂತಿಸ್‌ನ ಮನೆಯಲ್ಲಿ ಅದಾಗಲೇ ಚಿತ್ರವಾಗಿ ನಿಂತಿದ್ದ ಗಿಡಗಳು ಹೀಗೆ ಬೇರೆಯವರ ಹೆಸರಿನಡಿ ಸೇರಿಹೋದವು. ಅಂಚೆಯಲ್ಲಿ ಉಪ್ಸಾಲಾಕ್ಕೆ ಹೋದದ್ದು ಅವನಿಗೆ ಕೀರ್ತಿ ತಂದಿತು, ಪೆಟ್ಟಿಗೆಯಲ್ಲಿ ಬಚ್ಚಿಟ್ಟದ್ದು ಪರರ ಪಾಲಾಯಿತು.

ಸಾಯುವ ಮುನ್ನ ಅವನು ಕೆಲಸ ಹಂಚಿದ. ಸಸ್ಯಭಾಗ ಸಿನ್ಫೊರೋಸೊಗೆ, ಖಗೋಳ ವೀಕ್ಷಣಾಲಯ ಖಗೋಳಜ್ಞ ಕಾಲ್ದಾಸ್‌ಗೆ, ಚಿತ್ರಶಾಲೆ ರೀಸೊಗೆ, ಪ್ರಾಣಿವಿಭಾಗ ಹೋರ್ಹೆ ತದೇಯೊ ಲೊಸಾನೊಗೆ. ತನ್ನನ್ನೇ ಉತ್ತರಾಧಿಕಾರಿ ಮಾಡುವೆನೆಂದು ಮಾತು ಕೊಟ್ಟು ಮೂತಿಸ್ ತಪ್ಪಿದನೆಂದು ಕಾಲ್ದಾಸ್ ನೊಂದುಕೊಂಡ. ಕಾಗದಪತ್ರಗಳನ್ನು ತೆರೆದಾಗ ಚಿತ್ರಗಳಿಗೆ ತಕ್ಕಷ್ಟು ವಿವರಣೆ ಸಿಗಲಿಲ್ಲ, ಅನೇಕ ಹಾಳೆಗಳಲ್ಲಿ ಹೆಸರೂ ಇರಲಿಲ್ಲ. ಯಾವ ಚಿತ್ರಕ್ಕೆ ಯಾವ ಒಣಗಿಡ, ಅದು ಯಾವ ಬೆಟ್ಟದ್ದು ಎಂಬ ಜೋಡಣೆ ಮೂತಿಸ್‌ನ ನೆನಪಿನಲ್ಲಿತ್ತು.

ನಂತರದ್ದು ಇನ್ನೂ ಕಠೋರ. 1810ರ ಜುಲೈ 20ರಂದು ಬೊಗೊಟಾ ದಂಗೆ ಎದ್ದಿತು. ಸಸ್ಯಾನ್ವೇಷಣೆಯ ತಂಡದವರು ಸ್ವಾತಂತ್ರ್ಯದ ಪಕ್ಷದಲ್ಲಿದ್ದರು, ಗುಪ್ತ ಸಭೆಗಳು ವೀಕ್ಷಣಾಲಯದಲ್ಲೇ ನಡೆದಿದ್ದವು. 1816ರಲ್ಲಿ ಸ್ಪೇನಿನ ಸೇನಾಪತಿ ಪಾಬ್ಲೊ ಮೊರೀಯೊ ನಗರವನ್ನು ಮರಳಿ ಹಿಡಿದು ಸೇಡು ತೀರಿಸಿಕೊಂಡ. ಜುಲೈನಲ್ಲಿ ಲೊಸಾನೊ, ಅಕ್ಟೋಬರ್ 12ರಂದು ರೀಸೊ, ಅದೇ ತಿಂಗಳ ಕೊನೆಯಲ್ಲಿ ಕಾಲ್ದಾಸ್, ಮೂವರನ್ನೂ ಗುಂಡಿಟ್ಟು ಕೊಲ್ಲಲಾಯಿತು. ಚಿತ್ರಗಳ ಹಿಂದಿನ ಕಥೆ ಬಲ್ಲವರು ಹೀಗೆ ಒಬ್ಬೊಬ್ಬರಾಗಿ ಇಲ್ಲವಾದರು. ಸೆರೆಯಲ್ಲಿದ್ದ ಸಿನ್ಫೊರೋಸೊನಿಂದಲೇ ಸಂಗ್ರಹವನ್ನು ಪಟ್ಟಿ ಮಾಡಿಸಿ, ನೂರಕ್ಕೂ ಹೆಚ್ಚು ಪೆಟ್ಟಿಗೆಗಳಲ್ಲಿ ತುಂಬಿಸಿ ಸ್ಪೇನಿಗೆ ಸಾಗಿಸಿದರು. 1817ರಲ್ಲಿ ಅವು ಮ್ಯಾಡ್ರಿಡ್‌ನ ರಾಜೋದ್ಯಾನ ತಲುಪಿದವು. ನೂರು ವರ್ಷಕ್ಕೂ ಹೆಚ್ಚು ಕಾಲ ಬಹುಪಾಲು ಅಲ್ಲೇ ಮುಚ್ಚಿಕೊಂಡಿದ್ದವು.

ಆ ತಂಡದಲ್ಲಿ ಉಳಿದುಕೊಂಡವನು ಮಾತೀಸ್. ಮೂತಿಸ್‌ಗಾಗಿ ಸಾವಿರಾರು ಹೂಗಳನ್ನು ಬಿಡಿಸಿ ನೋಡುತ್ತಾ ಅವನು ಚಿತ್ರಕಾರನಷ್ಟೇ ಆಗಿ ಉಳಿದಿರಲಿಲ್ಲ, ಸಸ್ಯಜ್ಞನೇ ಆಗಿಬಿಟ್ಟಿದ್ದ. 1851ರಲ್ಲಿ ಸಾಯುವವರೆಗೂ ಬೊಗೊಟಾದಲ್ಲಿ ಕಿರಿಯರಿಗೆ ಗಿಡಗಳನ್ನು ಪರಿಚಯಿಸಿದ. ಅವನಿಂದ ಕಲಿತವರಲ್ಲಿ ಹೊಸೆ ಹೆರೊನಿಮೊ ತ್ರಿಯಾನಾ ಒಬ್ಬ. ತ್ರಿಯಾನಾ 1870ರಲ್ಲಿ ಪ್ಯಾರಿಸ್‌ನಲ್ಲಿ ಪ್ರಕಟಿಸಿದ ಸಿಂಕೋನಾ ಅಧ್ಯಯನದಲ್ಲಿ ಮೂತಿಸ್‌ನ ತಂಡದ ಚಿತ್ರಗಳಿಗೆ ಜಾಗ ಕೊಟ್ಟ. 1880ರ ದಶಕದಲ್ಲಿ ಮ್ಯಾಡ್ರಿಡ್‌ನಲ್ಲಿ ಕುಳಿತು ಆ ಹಾಳೆಗಳಲ್ಲಿನ ಗಿಡಗಳನ್ನು ಗುರುತಿಸುವ ಕೆಲಸಕ್ಕೆ ಇಳಿದ. ಸ್ಪೇನ್ ಮತ್ತು ಕೊಲಂಬಿಯಾ ಸರ್ಕಾರಗಳು 1952ರಲ್ಲಿ ಒಪ್ಪಂದ ಮಾಡಿಕೊಂಡವು. 1954ರಲ್ಲಿ ಸಸ್ಯಕೋಶದ ಮೊದಲ ಸಂಪುಟ ಹೊರಬಂತು. ಪ್ರತಿ ಚಿತ್ರದ ಜೊತೆಗೆ ಬೇಕಾದ ವಿವರಣೆಯನ್ನು ಇಂದಿನ ಸಸ್ಯವಿಜ್ಞಾನಿಗಳು ಹಂಚಿಕೊಂಡು, ಒಂದೊಂದು ಕುಟುಂಬಕ್ಕೆ ಒಬ್ಬೊಬ್ಬರು ಪರಿಣತರಂತೆ, ಹೊಸದಾಗಿ ಬರೆಯುತ್ತಿದ್ದಾರೆ. ಚಿತ್ರಗಳನ್ನು ರಾಜೋದ್ಯಾನ ಅಂತರಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟಿದೆ.